ಪತ್ರಿಕೋದ್ಯಮ ಓದಲು ಯಾವ ಕಾಲೇಜು? ಹೆಸರನ್ನೂ ಫೀಸನ್ನೂ ತೂಗಿ ನೋಡುವ ದಾರಿ

ವಕೀಲರಾಗಬೇಕಾದರೆ ಕಾನೂನು ಪದವಿ ಬೇಕೇ ಬೇಕು, ಬಾರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಪತ್ರಕರ್ತರಾಗಲು ಅಂಥದ್ದೇನೂ ಬೇಡ. ನಮ್ಮಲ್ಲಿ ಪತ್ರಕರ್ತರಿಗೆ ಲೈಸನ್ಸ್ ಇಲ್ಲ, ಇಂಥದ್ದೇ ಡಿಗ್ರಿ ಇರಬೇಕು ಅನ್ನುವ ಕಾನೂನೂ ಇಲ್ಲ. ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗ) ಕನ್ನಡ ಎಂಎ ಮಾಡಿದವರು, ಬಿಕಾಂ ಮಾಡಿದವರು, ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದವರು ಎಲ್ಲರೂ ಸಿಗುತ್ತಾರೆ.

ಹಾಗಂತ ಕೋರ್ಸ್ ದಂಡ ಅಂತಲ್ಲ. ಆದರೆ ಲೈಸನ್ಸ್ ಕೊಡದ ಡಿಗ್ರಿಗೆ ಎಷ್ಟು ದುಡ್ಡು ಹಾಕಬಹುದು ಅನ್ನೋದನ್ನ ಮೊದಲೇ ಯೋಚಿಸಬೇಕು, ಅಲ್ವಾ? ಕೋರ್ಸಿನಿಂದ ನಿಮಗೆ ಸಿಗಬೇಕಾದ್ದು ಇಷ್ಟು: ನೀವು ಬರೆದದ್ದನ್ನು ಕೂತು ತಿದ್ದುವ ಮೇಷ್ಟ್ರು, ಕೈಗೆ ಸಿಗುವ ಕ್ಯಾಮೆರಾ, ಮತ್ತೆ ಇಂಟರ್ನ್‌ಶಿಪ್ ಹೊತ್ತಿಗೆ ಯಾರಾದರೂ ಸಂಪಾದಕರಿಗೆ ಹೋಗುವ ಒಂದು ಫೋನ್ ಕಾಲ್. ಇದು ಸರ್ಕಾರಿ ಕಾಲೇಜಿನ ಫೀಸಿನಲ್ಲೇ ಸಿಗಬಹುದು. ಐದಾರು ಲಕ್ಷ ಸುರಿದರೂ ಸಿಗದೇ ಇರಬಹುದು. ಯಾವ ಕಾಲೇಜಿನಲ್ಲಿ ಸಿಗುತ್ತದೆ ಅಂತ ಸೇರುವ ಮೊದಲೇ ಪತ್ತೆ ಮಾಡುವುದು ಹೇಗೆ ಅನ್ನುವುದನ್ನು ಕ್ರಮವಾಗಿ ನೋಡೋಣ.

ಹಂತ 1: ಏನಾಗಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

"ಮೀಡಿಯಾದಲ್ಲಿ ಏನಾದರೂ" ಅನ್ನುವುದು ಉತ್ತರ ಅಲ್ಲ. ಕನ್ನಡ ಪತ್ರಿಕೆಯ ವರದಿಗಾರ್ತಿ ಆಗಬೇಕಾ, ಟಿವಿಯಲ್ಲಿ ಬುಲೆಟಿನ್ ಪ್ರೊಡ್ಯೂಸರ್ ಆಗಬೇಕಾ, ಇಂಗ್ಲಿಷ್ ವೆಬ್‌ಸೈಟಿಗೆ ಬರೆಯಬೇಕಾ, ಕಂಪನಿಯ ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸ ಬೇಕಾ, ಕಾಲೇಜಿನಲ್ಲಿ ಪಾಠ ಮಾಡಬೇಕಾ? ಒಂದೊಂದಕ್ಕೂ ದಾರಿ ಬೇರೆ, ಖರ್ಚೂ ಬೇರೆ.

ಪಾಠ ಮಾಡುವ ಆಸೆ ಇದ್ದರೆ ಎಂಎ ಬೇಕು, ಅದರಲ್ಲಿ 55% ಬೇಕು (ಮೀಸಲಾತಿ ಇರುವವರಿಗೆ 50%), ಆಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆಸೆಟ್ (ರಾಜ್ಯದ್ದು) ಪಾಸಾಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಂಥ ಕಡೆ ಸಿಗುವುದು ಸ್ನಾತಕೋತ್ತರ ಡಿಪ್ಲೊಮಾ. ನ್ಯೂಸ್‌ರೂಮಿನಲ್ಲಿ ಅದಕ್ಕೆ ಒಳ್ಳೆ ಬೆಲೆ ಇದೆ. ಆದರೆ ಅದು ಎಂಎ ಅಲ್ಲ, ಅದನ್ನೊಂದೇ ಇಟ್ಟುಕೊಂಡು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಲು ಆಗುವುದಿಲ್ಲ.

ಕನ್ನಡದಲ್ಲೇ ಕೆಲಸ ಮಾಡಬೇಕು ಅಂದುಕೊಂಡವರು ದೆಹಲಿ, ಪುಣೆ ಅಂತ ಓಡುವ ಮೊದಲು ಯೋಚಿಸಿ. ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್) 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ (ತಾನೇ ಪದವಿ ಕೊಡಬಲ್ಲ ಸಂಸ್ಥೆ) ಆಯಿತು. ದೊಡ್ಡ ಹೆಸರು, ಅನುಮಾನವೇ ಇಲ್ಲ. ಇಂಗ್ಲಿಷ್, ಹಿಂದಿ ಜೊತೆಗೆ ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮವನ್ನೂ ಅದರ ಬೇರೆ ಬೇರೆ ಕ್ಯಾಂಪಸ್‌ಗಳಲ್ಲಿ ಕಲಿಸುತ್ತಾರೆ. ಕನ್ನಡ ಮಾತ್ರ ಇಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರಿಗೆ ಅದು ಚಿನ್ನದಂಥ ಅವಕಾಶ, ಕನ್ನಡ ಡೆಸ್ಕಿಗೆ ಬರುವವರಿಗೆ ಅಷ್ಟೇನೂ ಅಲ್ಲ.

ಹಂತ 2: ಡಿಗ್ರಿಯಲ್ಲೇ ಓದಬೇಕಾ, ಎಂಎಗೆ ಓದಬೇಕಾ?

ನನ್ನ ಅಭಿಪ್ರಾಯ ಕೇಳಿದರೆ, ಡಿಗ್ರಿಯಲ್ಲಿ ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸದಂಥ ಗಟ್ಟಿ ವಿಷಯ ಒಂದು ಇರಲಿ. ಬಜೆಟ್ ದಿನ ಕೈಗೆ ಬಂದ ಪುಸ್ತಕದಲ್ಲಿ ರಾಜಸ್ವ ಕೊರತೆ ಯಾವುದು, ವಿತ್ತೀಯ ಕೊರತೆ ಯಾವುದು ಅಂತ ತಿಳಿಯದಿದ್ದರೆ ಎಷ್ಟು ಚೆಂದದ ಲೀಡ್ (ಸುದ್ದಿಯ ಮೊದಲ ಸಾಲು) ಬರೆದರೂ ಪ್ರಯೋಜನ ಇಲ್ಲ. ಬಿಎ ಅಗ್ಗದಲ್ಲಿ ಮುಗಿಸಿ, ದುಡ್ಡು ಉಳಿಸಿಕೊಂಡು, ಎಂಎ ಅಥವಾ ಡಿಪ್ಲೊಮಾಕ್ಕೆ ಒಳ್ಳೆ ಕಡೆ ಹೋಗುವುದು ಮಧ್ಯಮ ವರ್ಗದ ಮನೆಗೆ ಹೊಂದುವ ಲೆಕ್ಕ.

ಒಂದು ವಿಷಯ ಗಮನಿಸಿ. 2021ರಲ್ಲಿ ಬಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿಯನ್ನು ಕರ್ನಾಟಕ ಸರ್ಕಾರ ಕೈಬಿಟ್ಟಿದೆ, 2024-25ರಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷ. ಖಾಸಗಿ, ಡೀಮ್ಡ್ ವಿವಿಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇರಬಹುದು. ಅಲ್ಲಿ ಮೂರು ವರ್ಷಕ್ಕೇ ಹೊರಬರಲು ಆಗುತ್ತಾ ಅಂತ ಬರಹದಲ್ಲೇ ಕೇಳಿ. ಒಂದು ವರ್ಷ ಹೆಚ್ಚು ಅಂದರೆ ಒಂದು ವರ್ಷದ ಫೀಸು, ಹಾಸ್ಟೆಲ್ಲು, ಊಟ ಎಲ್ಲವೂ ಹೆಚ್ಚು.

ಹಂತ 3: ಪಟ್ಟಿ ಮಾಡಿ, ಆದರೆ ಎಂಟು ಹೆಸರಿಗಿಂತ ಜಾಸ್ತಿ ಬೇಡ

ಕರ್ನಾಟಕದ ಮಟ್ಟಿಗೆ ಪಟ್ಟಿ ಶುರು ಮಾಡೋದು ಸುಲಭ. ಕಾಲೇಜು ಮಟ್ಟದಲ್ಲಿ ಪತ್ರಿಕೋದ್ಯಮದ ಪಾಠ ನಮ್ಮಲ್ಲಿ ಶುರುವಾದದ್ದೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, 1951ರಲ್ಲಿ, ನಾಡಿಗ ಕೃಷ್ಣಮೂರ್ತಿ ಅವರಿಂದ. ಈಗ ಮೈಸೂರು ವಿವಿಯ ಮಾನಸಗಂಗೋತ್ರಿ, ಬೆಂಗಳೂರು ವಿವಿ, ಕೊಣಾಜೆಯ ಮಂಗಳೂರು ವಿವಿ, ಧಾರವಾಡದ ಕರ್ನಾಟಕ ವಿವಿ, ಶಂಕರಘಟ್ಟದ ಕುವೆಂಪು ವಿವಿ, ಕಲಬುರಗಿ, ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ, ಹೀಗೆ ಎಲ್ಲ ದಿಕ್ಕಿನಲ್ಲೂ ಎಂಎ ಇದೆ. ಇಲ್ಲಿ ಬೋಧನಾ ಶುಲ್ಕ ಸಾವಿರದ ಲೆಕ್ಕದಲ್ಲಿ. ಪೇಮೆಂಟ್ ಸೀಟ್ ಆದರೆ ಜಾಸ್ತಿ, ಆದರೂ ಖಾಸಗಿಯವರಷ್ಟು ಅಲ್ಲ.

ಇನ್ನೊಂದು ಗುಂಪು ಕರಾವಳಿಯದ್ದು. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್, ಪುತ್ತೂರಿನ ವಿವೇಕಾನಂದ, ಮಂಗಳೂರಿನ ಸಂತ ಅಲೋಶಿಯಸ್. ಕನ್ನಡ ಚಾನೆಲ್‌ಗಳ ನ್ಯೂಸ್‌ರೂಮಿನಲ್ಲಿ ಹತ್ತು ನಿಮಿಷ ನಿಂತರೆ ಮಂಗಳೂರು ಕಡೆಯ ಕನ್ನಡ ಕಿವಿಗೆ ಬೀಳುವುದು ಸುಮ್ಮನೆ ಅಲ್ಲ. ಊರು ಚಿಕ್ಕದು, ಖರ್ಚು ಕಡಿಮೆ, ಹಳೆ ವಿದ್ಯಾರ್ಥಿಗಳ ಬಳಗ ದೊಡ್ಡದು.

ಮೂರನೆಯದು ಲಕ್ಷಗಳ ಲೆಕ್ಕದ ಗುಂಪು: ಮಣಿಪಾಲ, ಬೆಂಗಳೂರಿನ ಕ್ರೈಸ್ಟ್, ಅಲ್ಲಿನದೇ ಪತ್ರಿಕೋದ್ಯಮ ಸಂಸ್ಥೆ ಐಐಜೆಎನ್‌ಎಂ, ಚೆನ್ನೈನ ಏಷ್ಯನ್ ಕಾಲೇಜು ಇತ್ಯಾದಿ. (ಚೆನ್ನೈನ ಈ ಕಾಲೇಜು 1994ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2000ದಲ್ಲಿ ಚೆನ್ನೈಗೆ ಹೋಯಿತು. ನಮ್ಮವರು ಬಿಟ್ಟುಕೊಟ್ಟದ್ದು ನೋಡಿ ಈಗಲೂ ಹೊಟ್ಟೆ ಉರಿಯುತ್ತದೆ.) ಹೊರ ರಾಜ್ಯದಲ್ಲಿ ಸರ್ಕಾರಿ ಫೀಸಿಗೆ ಒಳ್ಳೆಯದು ಬೇಕಾದರೆ ಹೈದರಾಬಾದ್ ಕೇಂದ್ರೀಯ ವಿವಿ, ದೆಹಲಿಯ ಜಾಮಿಯಾ ಇವೆ. ಸೀಟು ಸಿಗೋದು ಕಷ್ಟ, ಸಿಕ್ಕರೆ ಬಿಡಬೇಡಿ.

ಪಟ್ಟಿಯಲ್ಲಿ ಮೂರೂ ಗುಂಪಿನಿಂದ ಒಂದೆರಡು ಹೆಸರು ಇರಲಿ.

ಹಂತ 4: ಹೆಸರು ನಿಜವಾ ಅಂತ ಪರೀಕ್ಷೆ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಹಾಕಿ.

ಮೊದಲು ಯಾವುದನ್ನು ನಂಬಬಾರದು ಅಂತ ಹೇಳುತ್ತೇನೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಎಂಜಿನಿಯರಿಂಗ್, ಮೆಡಿಕಲ್, ಕಾನೂನು ಎಲ್ಲಕ್ಕೂ ಬೇರೆ ಬೇರೆ ಪಟ್ಟಿ ಇದೆ, ಪತ್ರಿಕೋದ್ಯಮಕ್ಕೆ ಇಲ್ಲ. ಹಾಗಾಗಿ "ನಮ್ಮದು ಎನ್‌ಐಆರ್‌ಎಫ್ ರ‍್ಯಾಂಕ್ ಇರುವ ಸಂಸ್ಥೆ" ಅಂತ ಜಾಹೀರಾತಿನಲ್ಲಿ ಹಾಕಿದರೆ ಆ ರ‍್ಯಾಂಕ್ ಇಡೀ ವಿಶ್ವವಿದ್ಯಾಲಯದ್ದೋ ಎಂಜಿನಿಯರಿಂಗ್‌ದೋ ಆಗಿರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಗ್ರೇಡೂ ಅಷ್ಟೆ, ಇಡೀ ಸಂಸ್ಥೆಗೆ ಕೊಡುವಂಥದ್ದು. ಎ++ ಇರುವ ಕಡೆಯೂ ಪತ್ರಿಕೋದ್ಯಮ ವಿಭಾಗದಲ್ಲಿ ಒಬ್ಬರೇ ಕಾಯಂ ಅಧ್ಯಾಪಕರು, ಉಳಿದವರೆಲ್ಲ ಅತಿಥಿ ಉಪನ್ಯಾಸಕರು ಅನ್ನುವ ಸ್ಥಿತಿ ಇರಬಹುದು. ನೀವು ಓದುವುದು ವಿಭಾಗದಲ್ಲಿ, ಹೆಬ್ಬಾಗಿಲಿನಲ್ಲಿ ಅಲ್ಲ.

ಈಗ ನಂಬಬೇಕಾದ್ದು. ಬಹುತೇಕ ವಿಭಾಗಗಳು ಒಂದು ಪ್ರಾಯೋಗಿಕ ಪತ್ರಿಕೆ ತರುತ್ತವೆ, ವಿದ್ಯಾರ್ಥಿಗಳೇ ಬರೆದು, ಪುಟ ಕಟ್ಟಿ, ಪ್ರಿಂಟ್ ಮಾಡಿಸುವ ನಾಲ್ಕು ಅಥವಾ ಎಂಟು ಪುಟ. ಕಳೆದ ವರ್ಷದ ಮೂರು ಸಂಚಿಕೆ ಕೇಳಿ ತಗೊಳ್ಳಿ. ಇಲ್ಲ ಅಂದರೆ, ಅಥವಾ "ಕೋವಿಡ್ ನಂತರ ನಿಂತಿದೆ" ಅಂದರೆ, ನಿಮಗೆ ಅರ್ಧ ಉತ್ತರ ಸಿಕ್ಕಿತು. ಸಿಕ್ಕರೆ ಮೊದಲ ಪುಟ ನೋಡಿ. "ಪ್ರಾಂಶುಪಾಲರು ದೀಪ ಬೆಳಗಿಸಿ ಕಾರ್ಯಕ್ರಮ ಉದ್ಘಾಟಿಸಿದರು", "ಆಡಳಿತ ಮಂಡಳಿ ಅಧ್ಯಕ್ಷರಿಗೆ ಸನ್ಮಾನ", ಇಂಥವೇ ತುಂಬಿದ್ದರೆ ಅದು ಪತ್ರಿಕೆ ಅಲ್ಲ, ಕಾಲೇಜಿನ ಪ್ರಚಾರ ಪತ್ರ. ಅಲ್ಲಿ ನಿಮಗೆ ವರದಿಗಾರಿಕೆ ಕಲಿಸುವುದಿಲ್ಲ. ಅದೇ, ಪಕ್ಕದ ಗ್ರಾಮ ಪಂಚಾಯಿತಿಯ ಕಸದ ಗುತ್ತಿಗೆ ಬಗ್ಗೆ, ಕಾಲೇಜಿಗೆ ಬರುವ ಬಸ್ಸು ನಿಂತುಹೋದ ಬಗ್ಗೆ, ಹಾಸ್ಟೆಲಿನ ನೀರಿನ ಬಗ್ಗೆ ಸುದ್ದಿ ಇದ್ದರೆ, ಆ ಸುದ್ದಿಯಲ್ಲಿ ಇಬ್ಬರು ಮೂವರ ಹೆಸರು ಹೇಳಿ ಮಾತು ಹಾಕಿದ್ದರೆ, ಅಲ್ಲಿ ಯಾರೋ ಒಬ್ಬ ಮೇಷ್ಟ್ರು ಮಕ್ಕಳನ್ನು ಕ್ಲಾಸಿನಿಂದ ಹೊರಗೆ ಓಡಿಸುತ್ತಿದ್ದಾರೆ ಅಂತ ಅರ್ಥ. ಹಾಸ್ಟೆಲಿನ ನೀರಿನ ಸುದ್ದಿ ಅಚ್ಚಾಗಿದ್ದರಂತೂ ಅಲ್ಲಿಗೆ ಕಣ್ಣುಮುಚ್ಚಿ ಸೇರಬಹುದು ಅನ್ನಿಸುತ್ತದೆ ನನಗೆ. ತನ್ನ ಮೇಲಿನ ಟೀಕೆಯನ್ನು ಅಚ್ಚು ಹಾಕಲು ಬಿಡುವ ಕಾಲೇಜು ಅಪರೂಪ.

ಎರಡನೆಯದು, ಹಳೆ ವಿದ್ಯಾರ್ಥಿಗಳು. ವೆಬ್‌ಸೈಟಿನಲ್ಲಿ ಫೋಟೊ ಹಾಕಿರುವ ಇಪ್ಪತ್ತು ವರ್ಷ ಹಿಂದಿನ ಸ್ಟಾರ್ ಆ್ಯಂಕರ್ ಬೇಡ. ಎರಡು ಮೂರು ವರ್ಷದ ಹಿಂದೆ ಪಾಸಾದ ಬ್ಯಾಚಿನವರನ್ನು ಲಿಂಕ್ಡ್‌ಇನ್‌ನಲ್ಲೋ ಇನ್‌ಸ್ಟಾದಲ್ಲೋ ಹುಡುಕಿ. ಆ ಬ್ಯಾಚಿನಲ್ಲಿ ಎಷ್ಟು ಜನ ಮಾಧ್ಯಮದಲ್ಲಿ ಇದ್ದಾರೆ? ಎಷ್ಟು ಜನ ಎಚ್‌ಆರ್ ಕೆಲಸಕ್ಕೆ, ಕಂಟೆಂಟ್ ರೈಟಿಂಗ್‌ಗೆ ಹೋದರು? ಇಬ್ಬರಿಗೆ ಮೆಸೇಜ್ ಹಾಕಿ ಕೇಳಿ. ಬೀಟ್‌ಗೆ (ತಮಗೆ ವಹಿಸಿದ ವಿಷಯದ ವರದಿಗೆ) ಓಡಾಡುವವರು ತಡವಾಗಿ ಉತ್ತರಿಸಬಹುದು, ಆದರೆ ಉತ್ತರಿಸುತ್ತಾರೆ. ಮೊದಲ ಕೆಲಸ ಸಿಕ್ಕಿದ್ದು ಕಾಲೇಜಿನಿಂದಲೋ ಸ್ವಂತ ಪ್ರಯತ್ನದಿಂದಲೋ ಅಂತ ನೇರವಾಗಿ ಕೇಳಿ, ನಾಚಿಕೆ ಬೇಡ. ವರದಿಗಾರರಾಗಲು ಹೊರಟವರು ನೀವು.

ಸಿಲೆಬಸ್ ಪಿಡಿಎಫ್ ಡೌನ್‌ಲೋಡ್ ಮಾಡಿ ನೋಡಿ. ಯಾವ ವರ್ಷ ಪರಿಷ್ಕರಣೆ ಆಗಿದೆ, ಪ್ರಾಕ್ಟಿಕಲ್‌ಗೆ ಎಷ್ಟು ಅಂಕ, ಇಂಟರ್ನ್‌ಶಿಪ್ ಕಡ್ಡಾಯವಾ? ಕನ್ನಡಕ್ಕೆ ಬರುವವರು ಅನುವಾದದ ಪೇಪರ್ ಇದೆಯಾ ಅಂತ ಹುಡುಕಿ. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಹತ್ತು ನಿಮಿಷದಲ್ಲಿ ಓದುವಂಥ ಕನ್ನಡಕ್ಕೆ ತರುವುದು ಡೆಸ್ಕಿನ ದಿನನಿತ್ಯದ ಕೆಲಸ. ಟ್ರೈನಿ ಪರೀಕ್ಷೆಯಲ್ಲಿ ಬಹಳ ಮಂದಿ ಬೀಳುವುದು ಇಲ್ಲೇ. ಕನ್ನಡ ಟೈಪಿಂಗ್ ಕಲಿಸುವುದಿಲ್ಲ ಅಂದರೆ ಪರವಾಗಿಲ್ಲ, ಅದನ್ನು ಮನೆಯಲ್ಲೇ ಕಲಿಯಬಹುದು.

ಹಂತ 5: ಒಂದು ದಿನ ಹೋಗಿ ನೋಡಿ ಬನ್ನಿ

ಓಪನ್ ಡೇ ದಿನ ಬೇಡ. ಸಾಮಾನ್ಯ ದಿನ ಮಧ್ಯಾಹ್ನ ಹೋಗಿ. ಸ್ಟುಡಿಯೊ ತೋರಿಸಿ ಅನ್ನಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಾಟ ಶುರುವಾದರೆ, ಒಳಗೆ ಕ್ಯಾಮೆರಾ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು ಇದ್ದರೆ ಹೆಚ್ಚು ಕೇಳುವ ಅಗತ್ಯ ಇಲ್ಲ. ಕ್ಯಾಮೆರಾ ಕೊಟ್ಟ-ತಗೊಂಡ ರಿಜಿಸ್ಟರ್ ಇದ್ದರೆ ಕೊನೆ ಪುಟ ನೋಡಿ. ಹೋದ ವಾರದ ತಾರೀಖು ಇದ್ದರೆ ಖುಷಿಪಡಿ. ಎರಡು ವರ್ಷ ಹಳೆಯ ಸಾದಾ ಕ್ಯಾಮೆರಾ ದಿನಾ ಮಕ್ಕಳ ಕೈಗೆ ಸಿಗುತ್ತಿದ್ದರೆ, ಬೀಗ ಹಾಕಿಟ್ಟ ದುಬಾರಿ ಸ್ಟುಡಿಯೊಗಿಂತ ಸಾವಿರ ಪಾಲು ಮೇಲು.

ಕೆಲವು ಕಡೆ ಸಮುದಾಯ ರೇಡಿಯೊ ಇದೆ. ಮಂಗಳೂರಿನ ಸಂತ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8, ಮಣಿಪಾಲದ್ದು 90.4. ಇದ್ದರೆ ಒಂದು ತಾಸು ಕೇಳಿ, ವಿದ್ಯಾರ್ಥಿಗಳ ದನಿ ಬರುತ್ತಾ ಅಂತ.

ಅಡ್ಮಿಷನ್ ಕೌನ್ಸೆಲರ್ ಮಾತು ಐದು ನಿಮಿಷ ಸಾಕು. ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಮಕ್ಕಳ ಜೊತೆ ಕಾಫಿ ಕುಡಿಯಿರಿ. "ನೀವು ಬರೆದ ಅಸೈನ್‌ಮೆಂಟ್ ತಿದ್ದಿ ವಾಪಸ್ ಕೊಡ್ತಾರಾ?" ಇದೊಂದು ಪ್ರಶ್ನೆ ಕೇಳಿದರೂ ಸಾಕು. ಕೆಂಪು ಇಂಕಿನ ಗುರುತು ಇರುವ ಒಂದು ಹಾಳೆ ಯಾರ ಬ್ಯಾಗಿನಲ್ಲೂ ಇಲ್ಲ ಅಂದರೆ ಆ ಫೀಸು ಯಾತಕ್ಕೆ?

"100% ಪ್ಲೇಸ್‌ಮೆಂಟ್" ಅಂದವರನ್ನು ಪಟ್ಟಿಯಿಂದ ತೆಗೆಯಿರಿ. ಮಾಧ್ಯಮದಲ್ಲಿ ಕ್ಯಾಂಪಸ್‌ಗೆ ಬಂದು ಇಡೀ ಬ್ಯಾಚನ್ನು ಎತ್ತಿಕೊಂಡು ಹೋಗುವ ಪದ್ಧತಿ ಇಲ್ಲ.

ಹಂತ 6: ಪೂರ್ತಿ ಖರ್ಚು ಬರೆಯಿರಿ, ಆಮೇಲೆ ಸಂಬಳದ ಪಕ್ಕದಲ್ಲಿ ಇಡಿ

ಬ್ರೋಷರಿನಲ್ಲಿ ಇರುವುದು ಬೋಧನಾ ಶುಲ್ಕ ಮಾತ್ರ. ಒಂದು ಹಾಳೆಯಲ್ಲಿ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಲ್ಯಾಬ್ ಶುಲ್ಕ, ಡಿಪಾಸಿಟ್, ಹಾಸ್ಟೆಲ್, ಮೆಸ್, ಲ್ಯಾಪ್‌ಟಾಪ್, ಪ್ರವಾಸ, ಬಸ್ ಪಾಸ್ ಎಲ್ಲವನ್ನೂ ಬರೆಯಿರಿ. ಎರಡನೇ ವರ್ಷ ಫೀಸು ಏರುತ್ತಾ ಅಂತ ಕೇಳಿ ಅದನ್ನೂ ಸೇರಿಸಿ. ಎಲ್ಲರೂ ಮರೆಯುವುದು ಇಂಟರ್ನ್‌ಶಿಪ್ ಖರ್ಚು. ನೀವು ಕೊಣಾಜೆಯಲ್ಲೋ ಶಂಕರಘಟ್ಟದಲ್ಲೋ ಓದುತ್ತಿದ್ದರೂ ಇಂಟರ್ನ್‌ಶಿಪ್‌ಗೆ ತಿಂಗಳು ಎರಡು ತಿಂಗಳು ಬೆಂಗಳೂರಿಗೆ ಬರಬೇಕಾಗಬಹುದು, ಕೈಗೆ ಸಂಬಳ ಬರದೇ ಇರಬಹುದು, ಪಿಜಿ ಬಾಡಿಗೆ ಮಾತ್ರ ತಪ್ಪುವುದಿಲ್ಲ.

ಈಗ ಸಂಬಳ. ಕನ್ನಡ ಮಾಧ್ಯಮದಲ್ಲಿ ಟ್ರೈನಿಗೆ ತಿಂಗಳಿಗೆ 20,000 ಅಂತ ಇಟ್ಟುಕೊಳ್ಳೋಣ. (ನಿಮ್ಮ ಲೆಕ್ಕಕ್ಕೆ ಹಳೆ ವಿದ್ಯಾರ್ಥಿ ಹೇಳಿದ ನಿಜವಾದ ಅಂಕಿ ಹಾಕಿ.) ನನ್ನ ಲೆಕ್ಕ ಏನಂದರೆ, ಕೋರ್ಸಿನ ಒಟ್ಟು ಖರ್ಚು ಮೊದಲ ಎರಡು ವರ್ಷದ ಸಂಬಳ ದಾಟಬಾರದು. ಅಂದರೆ 4.8 ಲಕ್ಷ. ಮನೆಯಲ್ಲಿ ದುಡ್ಡಿದ್ದು ಕೊಡುವವರಿದ್ದರೆ ಬೇರೆ ಮಾತು. ಸಾಲ ಮಾಡುವವರು ಇನ್ನೂ ಕೆಳಗೆ ನಿಲ್ಲಬೇಕು. 10 ಲಕ್ಷ ಸಾಲ, 10% ಬಡ್ಡಿ, ಏಳು ವರ್ಷ ಅಂದರೆ ಇಎಂಐ ಸುಮಾರು 16,600. ಇಪ್ಪತ್ತರಲ್ಲಿ ಅದು ಹೋದರೆ ಬೆಂಗಳೂರಲ್ಲಿ ತಿನ್ನೋದೇನು? ಅದೇ 3 ಲಕ್ಷಕ್ಕೆ ಸುಮಾರು 5,000, ಕಷ್ಟಪಟ್ಟರೆ ಕಟ್ಟಬಹುದು. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ, ಆದರೆ ಆ ಅವಧಿಗೂ ಬಡ್ಡಿ ಬೀಳುತ್ತದೆ. ಇಎಂಐ ಭಾರ ಇರುವವರು ಮೊದಲ ಅವಕಾಶಕ್ಕೇ ಪತ್ರಿಕೋದ್ಯಮ ಬಿಟ್ಟು ಪಿಆರ್‌ಗೆ ಹೋಗುತ್ತಾರೆ. ಅವರ ತಪ್ಪೇನಿಲ್ಲ, ಕಂತು ಕಟ್ಟಬೇಕಲ್ಲ.

ಹಂತ 7: ಖರ್ಚು ಇಳಿಸುವ ದಾರಿಗಳು

ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಒಂದಕ್ಕೊಂದು ಹೊಂದಬೇಕು. ಹೆಸರಿನ ಒಂದು ಇನಿಷಿಯಲ್ ಹೆಚ್ಚು ಕಡಿಮೆ ಇದ್ದರೂ ದುಡ್ಡು ನಿಂತುಹೋಗುತ್ತದೆ, ಹಾಗಾಗಿ ರಜೆಯಲ್ಲೇ ನಾಡಕಚೇರಿಗೆ ಹೋಗಿ ಸರಿಮಾಡಿಸಿಕೊಳ್ಳಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಗಿತ್ತು, ಈಗಲೂ ಕೊಡುತ್ತಾರಾ ಅಂತ ಕೇಳಿ ನೋಡಿ. ಎಸ್‌ಸಿ, ಎಸ್‌ಟಿ ಪತ್ರಿಕೋದ್ಯಮ ಪದವೀಧರರಿಗೆ ವಾರ್ತಾ ಇಲಾಖೆ ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುವ ಯೋಜನೆ ಇದೆ, ಅಧಿಸೂಚನೆ ಬಂದಾಗ ಬಿಡಬೇಡಿ.

ಸಾಲವೇ ಬೇಕಾದರೆ, 4 ಲಕ್ಷದವರೆಗೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. 2024ರ ಕೊನೆಗೆ ಬಂದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗೆ ಇದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ 3% ಬಡ್ಡಿ ರಿಯಾಯಿತಿ. ಆದರೆ ಇದು ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ನಿಮ್ಮ ಕಾಲೇಜು ಅದರಲ್ಲಿ ಇದೆಯಾ ಅಂತ ಮೊದಲು ನೋಡಿ. ಖಾಸಗಿ ಡಿಪ್ಲೊಮಾ ಸಂಸ್ಥೆಗಳಲ್ಲಿ ಸ್ಕಾಲರ್‌ಶಿಪ್ ಇದ್ದರೂ ಬಾಯಿಬಿಟ್ಟು ಕೇಳದವರಿಗೆ ಹೇಳುವುದಿಲ್ಲ. ಇಮೇಲ್ ಮಾಡಿ ಕೇಳಿ.

ಹಂತ 8: ಅರ್ಜಿ ಹಾಕುವ ಕ್ರಮ

ಕೇಂದ್ರೀಯ ವಿವಿಗಳಿಗೆ ಸಾಮಾನ್ಯವಾಗಿ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಎಂಎಗೆ ಬರೆಯುವ ಸಿಯುಇಟಿ-ಪಿಜಿ ಮಾರ್ಚ್ ಹೊತ್ತಿಗೆ ನಡೆಯುತ್ತದೆ, ಅಂದರೆ ಡಿಗ್ರಿಯ ಕೊನೆಯ ವರ್ಷ ಚಳಿಗಾಲದಲ್ಲೇ ಅರ್ಜಿ ಹಾಕಿರಬೇಕು. ರಾಜ್ಯದ ವಿವಿಗಳದ್ದು ಡಿಗ್ರಿ ಫಲಿತಾಂಶ ಬಂದ ಮೇಲೆ, ಅರ್ಜಿ ಕರೆಯುವ ಯುಯುಸಿಎಂಎಸ್ ಪೋರ್ಟಲ್ ಮೇಲೆ ಕಣ್ಣಿಟ್ಟಿರಿ. ಖಾಸಗಿಯವರು ಎಲ್ಲರಿಗಿಂತ ಮೊದಲೇ ಸೀಟು ಕೊಟ್ಟು "ಈ ಶುಕ್ರವಾರದೊಳಗೆ ಕಟ್ಟಿ" ಅನ್ನುತ್ತಾರೆ. ಗಾಬರಿ ಬೀಳಬೇಡಿ, ಒಂದು ವಾರ ಟೈಮ್ ಕೇಳಿ. ಬಹಳಷ್ಟು ಸಲ ಕೊಡುತ್ತಾರೆ.

ಕಟ್ಟಿದ ಮೇಲೆ ಸರ್ಕಾರಿ ಸೀಟು ಸಿಕ್ಕರೆ? ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ, ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ಟರೆ ಫೀಸು ವಾಪಸ್ ಕೊಡಬೇಕು, ಪ್ರೊಸೆಸಿಂಗ್ ಶುಲ್ಕ ಅಂತ 5%, ಗರಿಷ್ಠ 5,000 ರೂಪಾಯಿ ಮಾತ್ರ ಹಿಡಿಯಬಹುದು. ಆಮೇಲೆ ದಿನ ಕಳೆದಂತೆ 90%, 80%, 50% ಅಂತ ಇಳಿಯುತ್ತದೆ. ಕೊನೆ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಯುಜಿಸಿ ಆಗಾಗ ಆಯಾ ವರ್ಷಕ್ಕೆ ಬೇರೆ ಗಡುವು ಹೊರಡಿಸುವುದೂ ಉಂಟು, ಅದನ್ನೂ ನೋಡಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು. ಇಟ್ಟುಕೊಳ್ಳುತ್ತೇವೆ ಅಂದರೆ ಆ ನಿಯಮದ ಪ್ರಿಂಟ್ ತೋರಿಸಿ. ಯುಜಿಸಿ ವ್ಯಾಪ್ತಿಗೆ ಬಾರದ ಡಿಪ್ಲೊಮಾ ಸಂಸ್ಥೆಗಳಿಗೆ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಸಹಿ ಹಾಕುವ ಮೊದಲೇ ರೀಫಂಡ್ ಷರತ್ತು ಓದಿಕೊಳ್ಳಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ.